ಹೊರಾಂಗಣ ಉಕ್ಕಿನ ರಚನೆಗಳ ತುಕ್ಕು ತಡೆ (ಚಿತ್ರದುರ್ಗ ಜಿಲ್ಲೆ)

ಹೊರಾಂಗಣ ಉಕ್ಕಿನ ರಚನೆಗಳ ತುಕ್ಕು ತಡೆ ಎಂದರೆ ಬಿಸಿಲು, ಮಳೆ, ಗಾಳಿ ಮತ್ತು ಮಣ್ಣಿಗೆ ತೆರೆದುಕೊಂಡಿರುವ ಗೋಪುರ, ಕಂಬ, ಸೇತುವೆ, ಚಾವಣಿ, ಜಲಾಶಯದ ಬಾಗಿಲು ಮುಂತಾದ ಉಕ್ಕಿನ ರಚನೆಗಳು ತುಕ್ಕು ಹಿಡಿದು ನಶಿಸದಂತೆ ಕಾಪಾಡುವ ವಿನ್ಯಾಸ, ಲೇಪನ ಮತ್ತು ನಿರ್ವಹಣೆಯ ಕ್ರಮಗಳು. ಕರ್ನಾಟಕದ ಮಧ್ಯಭಾಗದಲ್ಲಿರುವ ಚಿತ್ರದುರ್ಗ ಜಿಲ್ಲೆಯ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಗಾಳಿಯಂತ್ರಗಳ ಗೋಪುರಗಳು, ಅಧಿಕ ಒತ್ತಡದ ವಿದ್ಯುತ್ ಮಾರ್ಗಗಳು, ರೈಲು ಮಾರ್ಗ, ರಾಷ್ಟ್ರೀಯ ಹೆದ್ದಾರಿಯ ತಡೆಬೇಲಿಗಳು ಹಾಗೂ ನೀರಾವರಿ ಬಾಗಿಲುಗಳ ರೂಪದಲ್ಲಿ ಅಪಾರ ಪ್ರಮಾಣದ ಉಕ್ಕು ಬಯಲಿನಲ್ಲಿ ನಿಂತಿದೆ. ಒಣ ಹವೆಯ ಈ ಪ್ರದೇಶದಲ್ಲಿ ಉಕ್ಕು ಮೈಯೆಲ್ಲ ಒಂದೇ ಸಮನೆ ಸವೆಯುವುದು ಕಡಿಮೆ. ನೀರು ನಿಂತು ಆರದೆ ಉಳಿಯುವ ಬುಡ, ಸಂದು ಮತ್ತು ಬೆಸುಗೆಗಳಲ್ಲಿ ಮಾತ್ರ ಅದು ಬೇಗ ಕೆಡುತ್ತದೆ. ಆದ್ದರಿಂದ ಕರಾವಳಿಗೆಂದು ರೂಪಿಸಿದ ದಪ್ಪ ಲೇಪನದ ಕ್ರಮವನ್ನು ಇಲ್ಲಿಗೆ ಹಾಗೆಯೇ ತಂದರೆ ಖರ್ಚು ಹೆಚ್ಚುತ್ತದೆಯೇ ಹೊರತು ದುರ್ಬಲ ಜಾಗಗಳು ದುರ್ಬಲವಾಗಿಯೇ ಉಳಿಯುತ್ತವೆ.

ತುಕ್ಕು ಹಿಡಿಯುವ ಬಗೆ

ಕಬ್ಬಿಣವು ನೀರು ಮತ್ತು ಆಮ್ಲಜನಕಗಳೆರಡರ ಸಮ್ಮುಖದಲ್ಲಿ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಜಲಯುಕ್ತ ಆಕ್ಸೈಡ್ ಆಗಿ ಮಾರ್ಪಡುತ್ತದೆ; ಇದೇ ತುಕ್ಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಕ್ರಿಯೆ ನಿಲ್ಲುತ್ತದೆ. ಉಕ್ಕಿನ ಮೇಲೆ ಕುಳಿತ ಒಂದು ನೀರಹನಿಯಲ್ಲಿ ಅಂಚಿಗೆ ಆಮ್ಲಜನಕ ಹೆಚ್ಚು ದೊರೆಯುತ್ತದೆ, ನಡುವೆ ಕಡಿಮೆ. ಲೋಹ ಕರಗುವುದು ಆಮ್ಲಜನಕ ಕಡಿಮೆಯಿರುವ ನಡುಭಾಗದಲ್ಲಿ. ಕಂದು ಉಂಗುರ ಮೂಡುವುದು ಅದರ ಸುತ್ತ. ಎರಡು ತಗಡುಗಳ ನಡುವಿನ ಸಂದು, ಬೋಲ್ಟಿನ ವಾಷರಿನ ಅಡಿ, ಧೂಳು ಕಟ್ಟಿದ ಮೂಲೆ ಇವುಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. ಕಣ್ಣಿಗೆ ಕಾಣುವ ತುಕ್ಕಿಗಿಂತ ಕಾಣದ ಸಂದಿನ ತುಕ್ಕು ಅಪಾಯಕಾರಿ ಎನ್ನುವುದಕ್ಕೆ ಕಾರಣ ಇದು.

ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಒಂದರ ಮೇಲೊಂದು ಜೋಡಿಸಿದ ಪಟ್ಟಿಗಳ ನಡುವೆ ಅದು ಬೆಳೆದಾಗ ಪಟ್ಟಿಗಳು ಬಾಗುತ್ತವೆ, ಬೋಲ್ಟುಗಳು ಎಳೆದು ತುಂಡಾಗುವುದೂ ಉಂಟು. ಅಲ್ಯೂಮಿನಿಯಂ ಅಥವಾ ಸತುವಿನ ಆಕ್ಸೈಡಿನಂತೆ ಇದು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುವುದಿಲ್ಲ. ಹುಡಿಯಾಗಿ ಉದುರಿ ಹೊಸ ಲೋಹವನ್ನು ತೆರೆದಿಡುತ್ತದೆ.

ಹವೆಯ ಸಾಪೇಕ್ಷ ಆರ್ದ್ರತೆ ಶೇ 60ಕ್ಕಿಂತ ಕೆಳಗಿದ್ದಾಗ ಸ್ವಚ್ಛ ಉಕ್ಕು ಬಹುಮಟ್ಟಿಗೆ ಸುರಕ್ಷಿತವಾಗಿರುತ್ತದೆ. ಶೇ 80 ದಾಟಿದರೆ ಕಣ್ಣಿಗೆ ಕಾಣದ ತೆಳು ನೀರಿನ ಪೊರೆ ಮೇಲ್ಮೈಯನ್ನು ಆವರಿಸುತ್ತದೆ. ಉಪ್ಪು ಅಥವಾ ಗಂಧಕದ ಅನಿಲಗಳಿದ್ದರೆ ಇನ್ನೂ ಕಡಿಮೆ ಆರ್ದ್ರತೆಯಲ್ಲೇ ಕ್ರಿಯೆ ಆರಂಭವಾಗುತ್ತದೆ. ವರ್ಷದಲ್ಲಿ ಉಕ್ಕು ಎಷ್ಟು ಗಂಟೆ ಒದ್ದೆಯಾಗಿರುತ್ತದೆ ಎಂಬುದು ಒಟ್ಟು ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಮುಖ್ಯ.

ಜಿಲ್ಲೆಯ ಹವೆ ಮತ್ತು ಮಣ್ಣು

ಚಿತ್ರದುರ್ಗವು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಅರಬ್ಬೀ ಸಮುದ್ರದಿಂದ ನೇರ ಅಂತರ ಸುಮಾರು 200 ಕಿ.ಮೀ. ಇರುವುದರಿಂದ ಕಡಲಿನ ಉಪ್ಪು ಇಲ್ಲಿಗೆ ತಲುಪುವುದು ನಗಣ್ಯ. ಬೇಸಿಗೆಯಲ್ಲಿ ಗಾಳಿ ಒಣಗಿರುತ್ತದೆ. ಮುಂಗಾರಿನಲ್ಲಿ ಮಳೆ ಕಡಿಮೆಯಾದರೂ ಮೋಡ, ಗಾಳಿ ಮತ್ತು ತುಂತುರು ವಾರಗಟ್ಟಲೆ ಇರುತ್ತವೆ. ಚಳಿಗಾಲದ ಮುಂಜಾನೆ ಇಬ್ಬನಿ ಬೀಳುತ್ತದೆ. ಮಳೆ ತೊಳೆದುಹೋಗುವಂತೆ ಇಬ್ಬನಿ ತೊಳೆಯುವುದಿಲ್ಲ, ಕುಳಿತ ಧೂಳನ್ನು ಕೆಸರಾಗಿಸಿ ಅಲ್ಲೇ ಬಿಡುತ್ತದೆ.

ಹವೆಯ ತೀವ್ರತೆಯನ್ನು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 9223 ಆರು ವರ್ಗಗಳಾಗಿ ವಿಂಗಡಿಸುತ್ತದೆ. ಮೊದಲ ವರ್ಷದಲ್ಲಿ ಬರಿಯ ಉಕ್ಕು ಸಿ2 ವರ್ಗದಲ್ಲಿ 1.3ರಿಂದ 25 ಮೈಕ್ರಾನ್, ಸಿ3ರಲ್ಲಿ 25ರಿಂದ 50, ಸಿ4ರಲ್ಲಿ 50ರಿಂದ 80, ಸಿ5ರಲ್ಲಿ 80ರಿಂದ 200 ಮೈಕ್ರಾನ್ ಸವೆಯುತ್ತದೆ. ಮಾಲಿನ್ಯ ಕಡಿಮೆಯಿರುವ ಒಳನಾಡಿನ ಗ್ರಾಮಾಂತರ ಪ್ರದೇಶಗಳಿಗೆ ಮಾನಕವು ಕೊಡುವ ವಿವರಣೆಯಂತೆ ಚಿತ್ರದುರ್ಗದ ಬಯಲು ಸಿ2 ಅಥವಾ ಸಿ3ಕ್ಕೆ ಹತ್ತಿರವಾಗುತ್ತದೆ. ಮಂಗಳೂರು, ಕಾರವಾರಗಳ ಕಡಲತಡಿ ಸಿ5ರ ಕಡೆಗೆ ವಾಲುತ್ತದೆ. ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯು ದೇಶದ ನಾನಾ ಊರುಗಳಲ್ಲಿ ಲೋಹದ ಫಲಕಗಳನ್ನು ಬಯಲಿಗಿಟ್ಟು ಅಳೆದು ಭಾರತದ ತುಕ್ಕಿನ ನಕ್ಷೆಯನ್ನು ಸಿದ್ಧಪಡಿಸಿದೆ.

ಆದರೆ ಜಿಲ್ಲೆಯೊಳಗೆ ಎಲ್ಲವೂ ಒಂದೇ ರೀತಿ ಇಲ್ಲ. ಜೋಗಿಮಟ್ಟಿಯಂಥ ಬೆಟ್ಟಸಾಲುಗಳ ನೆತ್ತಿಯಲ್ಲಿ ಮುಂಗಾರಿನ ಮಂಜು ಕವಿಯುವುದರಿಂದ ಅಲ್ಲಿನ ಉಕ್ಕು ಬುಡದ ಊರಿನ ಉಕ್ಕಿಗಿಂತ ಹೆಚ್ಚು ಹೊತ್ತು ಒದ್ದೆಯಾಗಿರುತ್ತದೆ. ಹಿರಿಯೂರು ಭಾಗದ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಹೂತ ಲೋಹವನ್ನು ತೇವವಾಗಿಡುತ್ತದೆ; ಚಿತ್ರದುರ್ಗ, ಹೊಳಲ್ಕೆರೆ ಕಡೆಯ ಕೆಮ್ಮಣ್ಣು ಬೇಗ ನೀರು ಬಸಿಯುತ್ತದೆ. ಚಿತ್ರದುರ್ಗದ ಸಮೀಪದ ಇಂಗಳದಾಳು ತಾಮ್ರದ ಗಣಿಗೆ ಹೆಸರಾಗಿತ್ತು. ಅಲ್ಲಿನಂಥ ಸಲ್ಫೈಡ್ ಅದಿರಿನ ಕಸ ನೀರು ಮತ್ತು ಗಾಳಿ ತಗುಲಿದಾಗ ಆಮ್ಲವನ್ನು ಬಿಡಬಲ್ಲದು, ಹಾಗಾಗಿ ಅಂತಹ ಮಣ್ಣಿನಲ್ಲಿ ಉಕ್ಕಿನ ಕಂಬ ನೆಡುವ ಮುನ್ನ ಮಣ್ಣಿನ ಪರೀಕ್ಷೆ ಅಗತ್ಯ.

ಕಬ್ಬಿಣದ ಅದಿರು ಸಾಗುವ ರಸ್ತೆ ಮತ್ತು ರೈಲು ಮಾರ್ಗಗಳ ಬದಿಯಲ್ಲಿ ಮತ್ತೊಂದು ತೊಡಕಿದೆ. ಅದಿರಿನ ಕೆಂಧೂಳು ರಾಸಾಯನಿಕವಾಗಿ ತುಕ್ಕಿನ ಸೋದರನೇ ಆದ್ದರಿಂದ ಬಣ್ಣದಲ್ಲಿ ಎರಡನ್ನೂ ಬೇರ್ಪಡಿಸುವುದು ಕಷ್ಟ. ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಳಗೆ ಬಣ್ಣ ಅಥವಾ ಸತು ಅಖಂಡವಾಗಿ ಕಂಡರೆ ಅದು ಧೂಳು. ಉಗುರಿಗೆ ಒರಟಾಗಿ ತಾಗಿ ಹಕ್ಕಳೆ ಎದ್ದರೆ ತುಕ್ಕು. ಧೂಳು ತಾನಾಗಿ ಉಕ್ಕನ್ನು ತಿನ್ನದಿದ್ದರೂ ತೇವ ಹಿಡಿದಿಡುತ್ತದೆ.

ನೀರು ನಿಲ್ಲದ ವಿನ್ಯಾಸ

ತುಕ್ಕು ತಡೆಯ ಮೊದಲ ಹೆಜ್ಜೆ ನಕ್ಷೆ ಬರೆಯುವಾಗಲೇ ನಡೆಯಬೇಕು. ಭಾರತೀಯ ಮಾನಕ ಐಎಸ್ 800:2007 ತನ್ನ 15ನೆಯ ವಿಭಾಗವನ್ನು ಉಕ್ಕಿನ ಬಾಳಿಕೆಗೆ ಮೀಸಲಿಟ್ಟಿದೆ. ಕಾಲುವೆಯಾಕಾರದ ಚಾನೆಲ್ ಅನ್ನು ಬಾಯಿ ಮೇಲಾಗಿ ಮಲಗಿಸಿದರೆ ಅದು ತೊಟ್ಟಿಯಾಗುತ್ತದೆ. ಬಾಯಿ ಕೆಳಗಾಗಿಸಿದರೆ ನೀರು ನಿಲ್ಲುವುದಿಲ್ಲ. ಬೇರೆ ದಾರಿಯಿಲ್ಲದಿದ್ದರೆ ಬಸಿಗಂಡಿ ಕೊರೆಯಬೇಕು. ಬಿಟ್ಟು ಬಿಟ್ಟು ಹಾಕಿದ ತುಂಡು ಬೆಸುಗೆ ಅಗ್ಗವೆನಿಸಿದರೂ ನಡುವಿನ ಸಂದುಗಳಲ್ಲಿ ನೀರು ಸೇರುತ್ತದೆ. ಹೊರಾಂಗಣದಲ್ಲಿ ಬೆಸುಗೆಯನ್ನು ಉದ್ದಕ್ಕೂ ಮುಚ್ಚುವುದು ಲೇಸು. ಚೌಕ ಕೊಳವೆಯ ತುದಿಗೆ ಮುಚ್ಚಳ ಹಾಕದೆ ಬಿಟ್ಟ ಗೇಟು, ಶೆಡ್ಡುಗಳು ಒಳಗಿನಿಂದಲೇ ಕೊಳೆಯುತ್ತವೆ, ಹೊರಗೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಾಗದು.

ಕಂಬದ ಬುಡವೇ ಅತಿ ದುರ್ಬಲ ಜಾಗ. ಕಾಂಕ್ರೀಟ್ ಪೀಠವು ನೆಲಮಟ್ಟಕ್ಕಿಂತ ಮೇಲಿದ್ದು, ಅದರ ತಲೆ ಹೊರಕ್ಕೆ ಇಳಿಜಾರಾಗಿದ್ದರೆ ನೀರು ಉಕ್ಕಿನಿಂದ ದೂರ ಹರಿಯುತ್ತದೆ. ಕಾಲಕ್ರಮದಲ್ಲಿ ಮಳೆನೀರು ತಂದ ಮಣ್ಣು, ಎಲೆ, ಕಸ ಬುಡಕ್ಕೆ ಸೇರಿ ಪೀಠ ಹೂತುಹೋಗುತ್ತದೆ. ಹೆದ್ದಾರಿ ಬದಿಯ ಜಾಹೀರಾತು ಫಲಕಗಳಲ್ಲೂ ತೋಟದ ಬೇಲಿಯ ಆಂಗಲ್ ಕಂಬಗಳಲ್ಲೂ ಉಕ್ಕು ಮೊದಲು ತೆಳುವಾಗುವುದು ನೆಲಮಟ್ಟದ ಆಚೀಚೆಯ ಗೇಣಳತೆಯಲ್ಲಿ.

ಸತುಲೇಪನ

ಗ್ಯಾಲ್ವನೀಕರಣ ಎಂದೂ ಕರೆಯುವ ಬಿಸಿ ಸತುಲೇಪನದಲ್ಲಿ ಆಮ್ಲದಿಂದ ಶುಚಿಗೊಳಿಸಿದ ಉಕ್ಕನ್ನು ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿರುವ ಸತುವಿನಲ್ಲಿ ಅದ್ದಲಾಗುತ್ತದೆ. ಸತು ಮತ್ತು ಕಬ್ಬಿಣ ಬೆರೆತ ಮಿಶ್ರಲೋಹದ ಪದರಗಳು ಮೂಡಿ ಲೇಪನ ಉಕ್ಕಿಗೆ ಬೆಸೆದುಕೊಳ್ಳುತ್ತದೆ. ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಈ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸತುವಿನದು ಎರಡು ಬಗೆಯ ಕೆಲಸ: ಹೊದಿಕೆಯಾಗಿ ನೀರನ್ನು ತಡೆಯುವುದು ಒಂದು, ಗೀರು ಬಿದ್ದಾಗ ಕಬ್ಬಿಣಕ್ಕೆ ಮೊದಲು ತಾನೇ ಕರಗಿ ಅದನ್ನು ಉಳಿಸುವುದು ಇನ್ನೊಂದು. ಬಣ್ಣಕ್ಕೆ ಈ ಎರಡನೆಯ ಗುಣವಿಲ್ಲ.

ಭಾರತೀಯ ಮಾನಕ ಐಎಸ್ 4759 ಪ್ರಕಾರ 5 ಮಿ.ಮೀ. ಹಾಗೂ ಅದಕ್ಕಿಂತ ದಪ್ಪದ ಉಕ್ಕಿಗೆ ಚದರ ಮೀಟರಿಗೆ 610 ಗ್ರಾಂ ಸತು ಇರಬೇಕು. ಇದು ಸುಮಾರು 85 ಮೈಕ್ರಾನ್ ದಪ್ಪಕ್ಕೆ ಸಮ. ಐಎಸ್‌ಒ 9223ರಂತೆ ಸತು ವರ್ಷಕ್ಕೆ ಸಿ2ರಲ್ಲಿ 0.1ರಿಂದ 0.7 ಮೈಕ್ರಾನ್, ಸಿ3ರಲ್ಲಿ 0.7ರಿಂದ 2.1, ಸಿ5ರಲ್ಲಿ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ ಕಡಲತೀರದಲ್ಲಿ ಹತ್ತಿಪ್ಪತ್ತು ವರ್ಷಕ್ಕೆ ತೀರುವ ಲೇಪನ ಸಿ3ರ ಒಳನಾಡಿನಲ್ಲಿ 40 ವರ್ಷಕ್ಕೂ ಮೇಲೆ ಬಾಳಬಲ್ಲದು. ಹಿರಿಯೂರಿನ 400 ಕಿಲೋವೋಲ್ಟ್ ಉಪಕೇಂದ್ರಕ್ಕೆ ಬರುವಂಥ ವಿದ್ಯುತ್ ಮಾರ್ಗಗಳ ಜಾಲರಿ ಗೋಪುರಗಳು ಬಣ್ಣವಿಲ್ಲದೆ ಬೂದುಬಣ್ಣದಲ್ಲೇ ನಿಲ್ಲುವುದು ಈ ಕಾರಣದಿಂದ. ನೆರೆಯ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದಂಥ ಕಡೆ ಫಲಕಗಳನ್ನು ಹೊರುವ ಚೌಕಟ್ಟುಗಳಿಗೂ ಸತುಲೇಪನವೇ ವಾಡಿಕೆ.

ಸತುಲೇಪಿತ ಉಕ್ಕು ಹಾಳಾಗುವುದು ಹೆಚ್ಚಾಗಿ ಸ್ಥಳದಲ್ಲಿ ನಡೆಯುವ ಕೆಲಸದಿಂದ. ತೂತು ಕೂಡದಾಗ ಗ್ಯಾಸಿನಿಂದ ಕೊರೆಯುವುದು, ಲೇಪನದ ಮೇಲೆ ಬೆಸುಗೆ ಹಾಕುವುದು, ಕಳೆದುಹೋದ ಬೋಲ್ಟಿಗೆ ಬದಲು ಲೇಪನವಿಲ್ಲದ ಕರಿ ಬೋಲ್ಟು ಹಾಕುವುದು ಸಾಮಾನ್ಯ ತಪ್ಪುಗಳು. ಬೆಸೆದ ಜಾಗವನ್ನು ಸ್ಲ್ಯಾಗ್ ತೆಗೆದು ಉಜ್ಜಿ, ಸತುವಿನ ಪುಡಿ ಹೇರಳವಾಗಿರುವ ಬಣ್ಣವನ್ನು ಕನಿಷ್ಠ 100 ಮೈಕ್ರಾನ್ ದಪ್ಪಕ್ಕೆ ಹಚ್ಚಬೇಕೆಂದು ಐಎಸ್‌ಒ 1461 ಸೂಚಿಸುತ್ತದೆ. ಅಲ್ಯೂಮಿನಿಯಂ ಬಣ್ಣ ನೋಡಲು ಹಾಗೆಯೇ ಹೊಳೆದರೂ ಸತುವಿನ ಕೆಲಸ ಮಾಡುವುದಿಲ್ಲ. ಹೊಸ ಜಿಐ ಶೀಟುಗಳನ್ನು ಒಂದರ ಮೇಲೊಂದು ಪೇರಿಸಿ ಮಳೆಯಲ್ಲಿ ಬಿಟ್ಟರೆ ನಡುವೆ ನೀರು ಸೇರಿ ಬಿಳಿ ಹಿಟ್ಟಿನಂಥ ಸತುವಿನ ತುಕ್ಕು ಬೆಳೆಯುತ್ತದೆ. ಶೀಟುಗಳನ್ನು ನೆಲದಿಂದ ಎತ್ತರಿಸಿ, ಓರೆಯಾಗಿ, ಗಾಳಿಯಾಡುವಂತೆ ಇಡುವುದು ಇದಕ್ಕೆ ಪರಿಹಾರ.

ಮುಚ್ಚಿದ ಕೊಳವೆಗಳನ್ನು ಸತುವಿನ ತೊಟ್ಟಿಗೆ ಕಳುಹಿಸುವ ಮುನ್ನ ಗಾಳಿ ಹೋಗಲು ತೂತು ಇರಲೇಬೇಕು. ಒಳಗೆ ಸಿಕ್ಕಿಕೊಂಡ ತೇವ ಆವಿಯಾಗಿ ಕೊಳವೆ ಸಿಡಿಯುತ್ತದೆ. ಕರಗಿದ ಸತು ಕೆಲಸಗಾರರ ಮೇಲೆ ಚಿಮ್ಮುತ್ತದೆ.

ಬಣ್ಣದ ಲೇಪನ

ಬಣ್ಣದ ಆಯುಸ್ಸನ್ನು ನಿರ್ಧರಿಸುವುದು ಡಬ್ಬಿಯ ಮೇಲಿನ ಹೆಸರಿಗಿಂತ ಹೆಚ್ಚಾಗಿ ಹಚ್ಚುವ ಮುಂಚಿನ ಶುದ್ಧಿ. ಉಕ್ಕನ್ನು ಬಿಸಿಯಾಗಿ ರೋಲು ಮಾಡುವಾಗ ಮೂಡುವ ನೀಲಿಗಪ್ಪು ಪೊರೆ ಗಟ್ಟಿಯಾಗಿ ಕಂಡರೂ ಬಿರುಕು ಬಿಟ್ಟು ಬಣ್ಣದ ಸಮೇತ ಕಳಚುತ್ತದೆ. ದೊಡ್ಡ ರಚನೆಗಳಲ್ಲಿ ಕಣಗಳನ್ನು ರಭಸದಿಂದ ಹೊಡೆದು ಎಸ್‌ಎ 2½ ಎಂಬ ಮಟ್ಟಕ್ಕೆ, ಅಂದರೆ ಬಹುತೇಕ ಬಿಳಿಲೋಹ ಕಾಣುವಷ್ಟು ಶುಚಿಗೊಳಿಸುತ್ತಾರೆ. ಬಳಿಕ ಸತುಭರಿತ ಎಪಾಕ್ಸಿ ಪ್ರೈಮರ್, ಅದರ ಮೇಲೆ ಅಭ್ರಕದಂತೆ ಪದರಪದರವಾದ ಕಬ್ಬಿಣದ ಆಕ್ಸೈಡ್ ಬೆರೆತ ಎಪಾಕ್ಸಿ, ಹೊರಮೈಗೆ ಪಾಲಿಯುರಿಥೇನ್ ಹೀಗೆ ಒಟ್ಟು ಸುಮಾರು 200 ಮೈಕ್ರಾನ್ ಲೇಪನ ಸಿ3 ಹವೆಗೆ ದೀರ್ಘಕಾಲ ಸಾಕಾಗುತ್ತದೆ. ಎಪಾಕ್ಸಿಯೊಂದನ್ನೇ ಬಿಸಿಲಿಗೆ ಬಿಟ್ಟರೆ ನೇರಳಾತೀತ ಕಿರಣಗಳಿಗೆ ಸುಣ್ಣದಂತೆ ಪುಡಿಯಾಗುತ್ತದೆ. ಚಿತ್ರದುರ್ಗದಂಥ ಬಿಸಿಲುನಾಡಿನಲ್ಲಿ ಇದು ಗಮನಾರ್ಹ.

ಊರಿನ ವೆಲ್ಡಿಂಗ್ ಅಂಗಡಿಗಳಲ್ಲಿ ನಡೆಯುವುದು ಇದರ ಸರಳ ರೂಪ: ಸ್ಯಾಂಡ್‌ಪೇಪರಿನಿಂದ ಉಜ್ಜಿ, ಒಂದು ಕೋಟ್ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಎನಾಮಲ್. ಮನೆಯ ಗ್ರಿಲ್ಲು, ಗೇಟುಗಳಿಗೆ ಇದು ಸಾಕು, ಆದರೆ ಎರಡು ಷರತ್ತುಗಳಿವೆ. ರೆಡ್ ಆಕ್ಸೈಡ್ ರಂಧ್ರಮಯವಾದ ತಳಲೇಪನ. ಅದನ್ನಷ್ಟೇ ಹಚ್ಚಿ ಒಂದು ಮಳೆಗಾಲ ಬಿಟ್ಟರೆ ತುಕ್ಕು ಅದರಡಿಯಲ್ಲೇ ಆರಂಭವಾಗಿರುತ್ತದೆ. ಎರಡನೆಯದಾಗಿ, ಚೂಪು ಅಂಚುಗಳಲ್ಲಿ ಬಣ್ಣ ಹಿಂಜರಿದು ತೆಳುವಾಗುವುದರಿಂದ ಅಂಚು, ಬೆಸುಗೆ ಮತ್ತು ಬೋಲ್ಟುಗಳಿಗೆ ಮೊದಲು ಬ್ರಷ್ಷಿನಿಂದ ಒಂದು ಹೆಚ್ಚುವರಿ ಕೋಟ್ ಕೊಡಬೇಕು.

ಉಕ್ಕಿನ ಮೈಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು, ಆರ್ದ್ರತೆ ಶೇ 85 ಮೀರಬಾರದು ಎಂಬುದು ರೂಢಿಯ ನಿಯಮ. ಹಾಗಾಗಿ ಚಳಿಗಾಲದ ಮುಂಜಾನೆ ಬಣ್ಣದ ಕೆಲಸ ಸಲ್ಲದು. ಬೇಸಿಗೆಯ ನಡುಹಗಲೂ ಒಳ್ಳೆಯದಲ್ಲ. ಕಾದ ಉಕ್ಕಿನ ಮೇಲೆ ಥಿನ್ನರ್ ತಟ್ಟನೆ ಆವಿಯಾಗಿ ಬಣ್ಣದಲ್ಲಿ ಸೂಜಿತೂತುಗಳು ಉಳಿಯುತ್ತವೆ.

ತುಕ್ಕನ್ನು ಪೂರ್ತಿ ಕೆರೆಯಲಾಗದ ಕಡೆ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ಪರಿವರ್ತಕಗಳನ್ನು ಬಳಸುತ್ತಾರೆ. ಟ್ಯಾನಿನ್ ತುಕ್ಕಿನೊಡನೆ ಸೇರಿ ನೀಲಿಗಪ್ಪು ಬಣ್ಣದ ಸ್ಥಿರ ಸಂಯುಕ್ತವಾಗುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಹಿಂದಿನವರು ಮಸಿ ತಯಾರಿಸುತ್ತಿದ್ದುದರ ಹಿಂದೆಯೂ ಇದೇ ರಸಾಯನವಿದೆ. ಸಡಿಲ ಹಕ್ಕಳೆಯ ಮೇಲೆ ಹಚ್ಚಿದರೆ ಪರಿವರ್ತಕ ಫಲ ಕೊಡುವುದಿಲ್ಲ.

ಗಾಳಿಯಂತ್ರದ ಗೋಪುರಗಳು

ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಮತ್ತು ಹಿರಿಯೂರು ಸುತ್ತಲಿನ ಬೆಟ್ಟಸಾಲುಗಳು ರಾಜ್ಯದ ಪ್ರಮುಖ ಪವನ ವಿದ್ಯುತ್ ತಾಣಗಳಲ್ಲಿ ಸೇರಿವೆ. ಜೋಗಿಮಟ್ಟಿಯಲ್ಲಿ 1990ರ ದಶಕದ ಕೊನೆಯ ವೇಳೆಗೇ ಗಾಳಿಯಂತ್ರಗಳು ನಿಂತವು. ಆ ಕಾಲದ ಯಂತ್ರಗಳು ಈಗ ಕಾಲು ಶತಮಾನ ದಾಟಿರುವುದರಿಂದ ಗೋಪುರದ ಸ್ಥಿತಿ ತಿಳಿಯುವುದು ಯಂತ್ರದ ಮುಂದಿನ ಬಳಕೆಯ ಪ್ರಶ್ನೆಗೆ ಸೇರಿಕೊಂಡಿದೆ.

ಕೊಳವೆ ಗೋಪುರವು ಬೆಸೆದ ಉಕ್ಕಿನ ಉರುಳೆಗಳನ್ನು ಒಳಗಿನ ಫ್ಲಾಂಜ್‌ಗಳಲ್ಲಿ ಬೋಲ್ಟಿನಿಂದ ಜೋಡಿಸಿದ ರಚನೆ. ಹೊರಮೈ ನುಣುಪಾಗಿ ನೀರು ಜಾರಿಹೋಗುವುದರಿಂದ ಅಲ್ಲಿ ತೊಂದರೆ ಕಡಿಮೆ. ಕೆಳಭಾಗದಲ್ಲಿ ಗಾಳಿ ಹೊತ್ತು ತರುವ ಮರಳಿನ ಕಣಗಳು ಬಣ್ಣವನ್ನು ಸವೆಸುತ್ತವೆ. ಫ್ಲಾಂಜ್ ಸೇರುವೆಯಲ್ಲಿ ಮುದ್ರಕ ಒಣಗಿ ಬಿರಿದರೆ ಮಳೆನೀರು ಒಳನುಗ್ಗಿ ಬೋಲ್ಟುಗಳನ್ನು ತಲುಪುತ್ತದೆ. ಗೋಪುರದೊಳಗೆ ಹಗಲಿನ ಬಿಸಿ ಗಾಳಿ ರಾತ್ರಿ ತಣಿದಾಗ ಗೋಡೆಯ ಮೇಲೆ ಬೆವರಿದಂತೆ ನೀರು ಕೂಡುತ್ತದೆ. ಆದ್ದರಿಂದ ಒಳಮೈಗೂ ಲೇಪನ ಮತ್ತು ಗಾಳಿಯಾಟ ಬೇಕು. ಬುಡದ ಬೋಲ್ಟುಗಳಿಗೆ ಗ್ರೀಸು ಮತ್ತು ಟೊಪ್ಪಿಗೆ ಹಾಕುವ ರೂಢಿಯಿದೆ. ರೆಕ್ಕೆ ತಿರುಗುವಾಗ ಈ ಬೋಲ್ಟುಗಳ ಮೇಲೆ ಬಲ ಪದೇ ಪದೇ ಏರಿಳಿಯುತ್ತದೆ. ತುಕ್ಕಿನಿಂದಾದ ಒಂದು ಚಿಕ್ಕ ಕುಳಿಯೂ ದಣಿವಿನ ಬಿರುಕಿಗೆ ಮೊದಲಾಗಬಲ್ಲದು. ಸ್ಥಿರ ಭಾರದ ಕಂಬದಲ್ಲಿ ಸಹಿಸಬಹುದಾದ ತುಕ್ಕನ್ನು ಇಲ್ಲಿ ಸಹಿಸಲಾಗದು.

ಜಲಾಶಯ ಮತ್ತು ಕಾಲುವೆಯ ಬಾಗಿಲುಗಳು

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಕಲ್ಲುಕಟ್ಟಡದ ಅಣೆಕಟ್ಟು. ಸುಮಾರು 30 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದಲ್ಲಿ ಹೆಚ್ಚುವರಿ ನೀರು ಉಕ್ಕಿನ ಬಾಗಿಲುಗಳ ಮೂಲಕವಲ್ಲದೆ ಕೋಡಿಯ ಮೇಲಿಂದ ಹರಿಯುತ್ತದೆ. 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಅನಂತರ. ನಾಲೆಗೆ ನೀರು ಬಿಡುವ ತೂಬುಗಳ ಲೋಹದ ಭಾಗಗಳಿಗೆ ಮಾತ್ರ ಕಾವಲು ತಪ್ಪದು. ಇದೇ ತಾಲ್ಲೂಕಿನ ಗಾಯತ್ರಿ ಜಲಾಶಯದ ಹಾಗೂ ಕಾಲುವೆಗಳ ತೂಬಿನ ಬಾಗಿಲುಗಳಿಗೂ ಈ ಮಾತು ಸಲ್ಲುತ್ತದೆ. ಸದಾ ಮುಳುಗಿರುವ ಭಾಗಕ್ಕಿಂತ ನೀರಿನ ಮಟ್ಟ ಏರಿಳಿಯುವ ಪಟ್ಟಿಯಲ್ಲಿ ತುಕ್ಕು ಹೆಚ್ಚು. ಅಲ್ಲಿ ತೇವ ಮತ್ತು ಆಮ್ಲಜನಕ ಎರಡೂ ಧಾರಾಳ. ವರ್ಷಗಟ್ಟಲೆ ಅಲುಗಾಡಿಸದ ಬಾಗಿಲಿನ ಗಾಲಿ, ಸ್ಕ್ರೂ ದಂಡ, ಸರಪಳಿಗಳು ತುಕ್ಕಿನಿಂದ ಕಚ್ಚಿಕೊಂಡು ಬೇಕಾದ ಹೊತ್ತಿಗೆ ಏಳುವುದಿಲ್ಲ. ಬರದ ವರ್ಷಗಳಲ್ಲೂ ಮುಂಗಾರಿಗೆ ಮುನ್ನ ಒಮ್ಮೆ ಎತ್ತಿಳಿಸಿ ಗ್ರೀಸು ಹಾಕುವುದು ಇದಕ್ಕಾಗಿ.

ಉಕ್ಕಿನ ಬಾಗಿಲೊಂದರ ವೈಫಲ್ಯ ಏನು ಮಾಡಬಲ್ಲದು ಎಂಬುದು 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ ಕಂಡಿತು. ಅಲ್ಲಿನ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಬಾಗಿಲನ್ನು ಇಳಿಸಲಾಯಿತಾದರೂ ಅಷ್ಟರಲ್ಲಿ ಹತ್ತಾರು ಟಿಎಂಸಿ ಅಡಿ ನೀರು ನದಿಗೆ ಹರಿದಿತ್ತು. ಏಳು ದಶಕ ಹಳೆಯದಾದ ಬಾಗಿಲುಗಳನ್ನೆಲ್ಲ ಬದಲಿಸಬೇಕೆಂದು ತಜ್ಞರು ಶಿಫಾರಸು ಮಾಡಿದರು. 2025ರ ಮುಂಗಾರಿನಲ್ಲಿ 105 ಟಿಎಂಸಿ ಅಡಿಗೂ ಹೆಚ್ಚು ಸಾಮರ್ಥ್ಯದ ಆ ಜಲಾಶಯದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸುಮಾರು 80 ಟಿಎಂಸಿ ಅಡಿಗೆ ಸಂಗ್ರಹವನ್ನು ಮಿತಿಗೊಳಿಸಲಾಯಿತು.

ಮಣ್ಣಿನೊಳಗಿನ ಉಕ್ಕು

ಹೂತ ಕೊಳವೆ ಮತ್ತು ಕಂಬಗಳಿಗೆ ಕಲ್ಲಿದ್ದಲು ಡಾಂಬರು ಅಥವಾ ಎಪಾಕ್ಸಿ ಹೊದಿಕೆಯ ಜೊತೆಗೆ ಕ್ಯಾಥೋಡ್ ರಕ್ಷಣೆಯನ್ನು ನೀಡುವುದುಂಟು. ಮೆಗ್ನೀಸಿಯಂ ಅಥವಾ ಸತುವಿನ ದಿಂಡುಗಳನ್ನು ಹತ್ತಿರದಲ್ಲಿ ಹೂತು ತಂತಿಯಿಂದ ಉಕ್ಕಿಗೆ ಜೋಡಿಸಿದರೆ ಉಕ್ಕಿಗೆ ಬದಲು ಆ ದಿಂಡುಗಳು ಕರಗುತ್ತವೆ. ಈ ತತ್ತ್ವವನ್ನು ಹಂಫ್ರಿ ಡೇವಿ 1824ರಲ್ಲಿ ಹಡಗುಗಳ ತಾಮ್ರದ ತಗಡಿನ ಮೇಲೆ ಪ್ರಯೋಗಿಸಿದ್ದನು. ಸತುಲೇಪಿತ ಕಂಬಕ್ಕೆ ತಾಮ್ರದ ಭೂಸಂಪರ್ಕ ಪಟ್ಟಿಯನ್ನು ನೇರವಾಗಿ ಬಿಗಿದರೆ ಇದೇ ತತ್ತ್ವ ತಿರುಗುಬಾಣವಾಗಿ ಸತು ಬೇಗ ಖಾಲಿಯಾಗುತ್ತದೆ. ಸತುಲೇಪಿತ ಪಟ್ಟಿಯೇ ಅಲ್ಲಿಗೆ ಸರಿ.

ತಪಾಸಣೆ

ಮುಂಗಾರು ಮುಗಿದ ಮೇಲೆ, ಅಂದರೆ ನವೆಂಬರ್ ಆಸುಪಾಸಿನಲ್ಲಿ ಸುತ್ತಿ ನೋಡಿದರೆ ಮಳೆಗಾಲ ಬಿಟ್ಟುಹೋದ ಕಂದು ಗೆರೆಗಳೇ ಸೋರುವ ಸಂದುಗಳನ್ನು ತೋರಿಸುತ್ತವೆ. ದುರಸ್ತಿಯನ್ನು ಬೇಸಿಗೆಯ ಒಣ ತಿಂಗಳುಗಳಲ್ಲಿ ಮುಗಿಸಬಹುದು. ಬುಡದ ಮಣ್ಣನ್ನು ಒಂದು ಗೇಣು ಸರಿಸಿ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಉಕ್ಕು ಗಣಿರೆನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಲೇಪನದ ದಪ್ಪವನ್ನು ಕಾಂತೀಯ ಮಾಪಕದಿಂದಲೂ ಉಳಿದ ಉಕ್ಕಿನ ದಪ್ಪವನ್ನು ಶ್ರವಣಾತೀತ ಮಾಪಕದಿಂದಲೂ ಅಳೆಯುತ್ತಾರೆ. 6 ಮಿ.ಮೀ. ಆಂಗಲ್ ಬುಡದಲ್ಲಿ 4 ಮಿ.ಮೀ.ಗೆ ಇಳಿದಿದ್ದರೆ ಮೂರನೆಯ ಒಂದು ಭಾಗ ಲೋಹ ಹೋಗಿದೆ ಎಂದರ್ಥ. ಅಲ್ಲಿಗೆ ಬಣ್ಣ ಪರಿಹಾರವಾಗದು. ಹೊಸ ಉಕ್ಕನ್ನು ಜೋಡಿಸಬೇಕು ಅಥವಾ ಕಂಬವನ್ನೇ ಬದಲಿಸಬೇಕು.

ಕೆಲಸಗಾರರ ಸುರಕ್ಷತೆ

ಒಣ ಮರಳನ್ನು ಹೊಡೆದು ಉಕ್ಕು ಶುಚಿಗೊಳಿಸುವಾಗ ಏಳುವ ಸೂಕ್ಷ್ಮ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಸೇರಿ ಗುಣವಾಗದ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಈ ಕಾರಣಕ್ಕೆ ಹಲವು ದೇಶಗಳು ಮರಳಿನ ಬಳಕೆಯನ್ನು ನಿಷೇಧಿಸಿದ್ದು, ಉಕ್ಕಿನ ಕಣ ಅಥವಾ ತಾಮ್ರದ ಸ್ಲ್ಯಾಗನ್ನು ಬದಲಿಗೆ ಬಳಸಲಾಗುತ್ತದೆ. ಮುಖಕ್ಕೆ ಕಟ್ಟಿದ ಟವೆಲ್ಲು ಈ ಧೂಳನ್ನು ತಡೆಯದು. ಸತುಲೇಪಿತ ಉಕ್ಕಿಗೆ ಬೆಸುಗೆ ಹಾಕುವಾಗ ಏಳುವ ಬಿಳಿ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ, ಮೈಕೈ ನೋವು ಬರುತ್ತದೆ. ಬೆಸೆಯುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಗೆ ಬೆನ್ನು ಮಾಡಿಯಲ್ಲದೆ ಪಕ್ಕಕ್ಕೆ ನಿಂತು ಕೆಲಸ ಮಾಡಿದರೆ ಹೊಗೆ ಮುಖದತ್ತ ಸುಳಿಯುವುದು ತಪ್ಪುತ್ತದೆ. ಹಳೆಯ ರಚನೆಗಳ ಮೊದಲ ಲೇಪನ ಸೀಸದ ಕೆಂಪು ಅಥವಾ ಸತುವಿನ ಕ್ರೋಮೇಟ್ ಆಗಿರಬಹುದು. ಇವೆರಡೂ ವಿಷಕಾರಿಯಾದ್ದರಿಂದ ಒದ್ದೆ ಮಾಡಿ ಕೆರೆದು, ಹಕ್ಕಳೆಗಳನ್ನು ಹೊಲಕ್ಕೋ ಕಾಲುವೆಗೋ ಬೀಳದಂತೆ ಹಾಸಿನ ಮೇಲೆ ಸಂಗ್ರಹಿಸಬೇಕಾಗುತ್ತದೆ.